ಮೀಟರ್ ಒಂದು, ಒಲೆ ನಾಲ್ಕು: ಬಾಡಿಗೆ ಮನೆಯ ಕರೆಂಟ್ ಬಿಲ್ ಇಳಿಸುವ ದಾರಿ

ಬಾಗಲಕೋಟೆಯ ವಿದ್ಯಾಗಿರಿಯಲ್ಲೋ ನವನಗರದಲ್ಲೋ ಮಾಳಿಗೆ ಮೇಲಿನ ಒಂದು ಬಾಡಿಗೆ ರೂಮನ್ನು ಕಣ್ಮುಂದೆ ತಂದುಕೊಳ್ಳಿ. ಏಪ್ರಿಲ್ ತಿಂಗಳು, ರಾತ್ರಿ ಹತ್ತು ಗಂಟೆ. ಹೊರಗೆ ಗಾಳಿ ತಣ್ಣಗಾಗಿದೆ. ಒಳಗೆ ಮಾತ್ರ ಸ್ಲ್ಯಾಬ್ ಇನ್ನೂ ಕಾದ ಹಂಚಿನಂತಿದೆ. ಫ್ಯಾನ್ ತಿರುಗಿದಷ್ಟೂ ಬಿಸಿಗಾಳಿಯೇ ಮೈಗೆ ಬೀಳುತ್ತದೆ. ನಾಲ್ವರು ಹುಡುಗರು ಸೇರಿ ಕೂಲರ್ ತಂದಿದ್ದಾರೆ. ತಿಂಗಳ ಕೊನೆಗೆ ಬಿಲ್ ಬಂದಾಗ ಮಾತು ಶುರುವಾಗುತ್ತದೆ: "ಕೂಲರ್ ನಿನ್ನ ಕಾಟಿನ ಕಡೆ ಐತಿ, ನೀನ ಜಾಸ್ತಿ ಕೊಡು." "ಲ್ಯಾಪ್‌ಟಾಪ್ ಹಗಲೂ ರಾತ್ರಿ ನಿಂದ ಹತ್ತಿರತದಲ್ಲ, ಅದಕ್ಕೇನ್ ಲೆಕ್ಕ?" ಕೆಳಗಿನಿಂದ ಮನೆ ಮಾಲಕರು ಕೂಗುತ್ತಾರೆ: "ತಮ್ಮಾ, ಮೋಟರ್ ಬಿಲ್ ಬ್ಯಾರೆ ಐತಿ ನೋಡ್ರಿ."

ಹುನಗುಂದದ ವಠಾರದಲ್ಲಿ, ಇಳಕಲ್ಲಿನ ನೇಕಾರರ ಓಣಿಯಲ್ಲಿ, ಬಾದಾಮಿಯಲ್ಲಿ ಹೋಟೆಲ್ ಕೆಲಸಕ್ಕೆ ಬಂದವರು ಹಂಚಿಕೊಂಡ ಮನೆಯಲ್ಲಿ ಹೆಸರು ಬೇರೆ, ಮಾತು ಇದೇ. ಚಳಿ ದೇಶಗಳಲ್ಲಿ ಬಾಡಿಗೆದಾರರ ದೊಡ್ಡ ಚಿಂತೆ ಮನೆ ಬೆಚ್ಚಗಿಡುವ ಖರ್ಚು. ನಮ್ಮಲ್ಲಿ ಮನೆ ತಂಪಾಗಿಡುವ ಖರ್ಚು ಮತ್ತು ಸ್ನಾನದ ನೀರು ಕಾಯಿಸುವ ಖರ್ಚು, ಈ ಎರಡೇ ಬಿಲ್ಲಿನ ಬಹುಪಾಲನ್ನು ತಿನ್ನುತ್ತವೆ. ಬಿಸಿಲು ಬರುವುದು ಮಾಳಿಗೆಯಿಂದ. ಯೂನಿಟ್ ಏರುವುದು ಫ್ಯಾನು, ಕೂಲರು, ನೀರು ಕಾಯಿಸುವ ಕಾಯಿಲ್‌ಗಳಿಂದ. ಜಗಳ ಹುಟ್ಟುವುದು ಲೆಕ್ಕ ಇಡದಿರುವುದರಿಂದ. ಈ ಮೂರಕ್ಕೂ ಕೈಗೆಟುಕುವ ಪರಿಹಾರಗಳಿವೆ. ಬಾಡಿಗೆದಾರರೂ ಮಾಲಕರೂ ಒಟ್ಟಿಗೆ ಕುಳಿತರೆ ಮಾತ್ರ ಅವು ಪೂರ್ತಿ ಫಲ ಕೊಡುತ್ತವೆ.

ಮೊದಲು ಮೀಟರ್ ಓದಲು ಕಲಿಯಿರಿ

ಒಂದು ಯೂನಿಟ್ ಎಂದರೆ 1000 ವಾಟಿನ ಸಾಧನ ಒಂದು ಗಂಟೆ ನಡೆದಷ್ಟು ವಿದ್ಯುತ್. 1000 ವಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ನಡೆದರೆ ಒಂದು ಯೂನಿಟ್. 10 ವಾಟಿನ ಎಲ್‌ಇಡಿ ಬಲ್ಬು ನೂರು ತಾಸು ಉರಿದರೂ ಒಂದೇ ಯೂನಿಟ್. ವಾಟನ್ನು ತಾಸಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಮನೆಯ ಯಾವ ಸಾಧನ ಎಷ್ಟು ಉಣ್ಣುತ್ತದೆ ಎಂಬುದು ತಿಳಿಯುತ್ತದೆ.

ನಮಗೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂನ ಮೀಟರಿನಲ್ಲಿ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತಾರೆ. ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಐದು ನಿಮಿಷ ಆ ದೀಪವನ್ನು ನೋಡಿ. ಆಗಲೂ ಮಿಣುಕುತ್ತಿದ್ದರೆ ಎರಡು ಕಾರಣಗಳಿರಬಹುದು: ವೈರಿಂಗಿನಲ್ಲಿ ಕರೆಂಟ್ ಸೋರುತ್ತಿದೆ, ಇಲ್ಲವೆ ಇನ್ನೊಂದು ಮನೆಯ ಅಥವಾ ಮೆಟ್ಟಿಲ ದೀಪದ ವೈರು ನಿಮ್ಮ ಮೀಟರಿಗೆ ಸೇರಿಕೊಂಡಿದೆ. ಹಳೆಯ ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಲ್ಲಿ ಹೀಗಾಗುವುದುಂಟು. ಬೇಕೆಂದೇ ಮಾಡಿದ ಮೋಸ ಎಂದು ತಕ್ಷಣ ತಿಳಿಯಬೇಡಿ. ಗೋಡೆ ಎಬ್ಬಿಸುವಾಗ ವೈರನ್ನು ಹಾಗೆಯೇ ಬಿಟ್ಟಿರುತ್ತಾರೆ. ಎಲೆಕ್ಟ್ರಿಶಿಯನ್ ಕರೆಸಿ, ಮಾಲಕರ ಎದುರಿಗೇ ತೋರಿಸಿ ಬೇರ್ಪಡಿಸಿಕೊಳ್ಳಿ.

ಮನೆಗೆ ಬಂದ ದಿನವೇ ಮೀಟರಿನ ಅಂಕಿಯ ಫೋಟೊ ತೆಗೆದು ಮಾಲಕರಿಗೂ ಕಳಿಸಿ. ಹಿಂದಿನವರ ಬಾಕಿ ಇದೆಯೇ ಎಂದು ಹಳೆಯ ಬಿಲ್ ಕೇಳಿ ನೋಡಿ. ಬಾಕಿ ಉಳಿಯುವುದು ಮೀಟರಿನ ಗುರುತಿನ ಸಂಖ್ಯೆ, ಅಂದರೆ ಆರ್‌ಆರ್ ನಂಬರಿನ ಮೇಲೆ. ಹಿಂದಿನವರು ಕಟ್ಟದೆ ಹೋದದ್ದಕ್ಕೆ ಹೆಸ್ಕಾಂ ಲೈನ್‌ಮನ್ ಫ್ಯೂಸ್ ಕೀಳುವುದು ನೀವಿರುವಾಗ.

ಗೃಹಜ್ಯೋತಿ: 200ರ ಗೆರೆಯನ್ನು ಅರ್ಥ ಮಾಡಿಕೊಳ್ಳಿ

2023ರ ಜುಲೈ ಬಳಕೆಯಿಂದ ಜಾರಿಗೆ ಬಂದ, ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಮೀಟರ್ ಮಾಲಕರ ಹೆಸರಿನಲ್ಲಿದ್ದರೂ ಬಾಡಿಗೆದಾರರು ತಮ್ಮ ಆಧಾರ್, ಆರ್‌ಆರ್ ನಂಬರ್ ಮತ್ತು ಆ ಮನೆಯಲ್ಲೇ ಇರುವುದಕ್ಕೆ ಬಾಡಿಗೆ ಕರಾರಿನಂಥ ದಾಖಲೆ ಕೊಟ್ಟು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೋಂದಾಯಿಸಬಹುದು. ಮೀಟರ್ ಗೃಹಬಳಕೆಯದ್ದಾಗಿರಬೇಕು. ಒಂದು ಆಧಾರಿಗೆ ಒಂದೇ ಮೀಟರ್. ಮನೆ ಬಿಟ್ಟು ಹೋದ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಮೀಟರಿಗೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸುವ ಅನುಕೂಲವೂ ಈಗ ಇದೆ. ನೀವು ಮನೆ ಬಿಡುವಾಗ ನಿಮ್ಮದನ್ನು ಬಿಡಿಸಿಯೇ ಹೋಗಿ. ಮುಂದೆ ಬರುವವರಿಗೂ, ಮುಂದಿನ ಮನೆಯಲ್ಲಿ ನಿಮಗೂ ಒಳ್ಳೆಯದು.

ಬಹಳ ಜನ ತಪ್ಪು ತಿಳಿದಿರುವುದು ಒಂದಿದೆ. 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2022-23ರ ಸಾಲಿನಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದಷ್ಟೇ ನಿಮ್ಮ ಪಾಲು; ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ 2024ರಿಂದ ಶೇಕಡಾ 10ರ ಬದಲು 10 ಯೂನಿಟ್. ಸರಾಸರಿ 100 ಇದ್ದರೆ ಉಚಿತ ಪಾಲು 110. ಹಳೆಯ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮೀಟರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ, 58 ಯೂನಿಟ್ ಎಂದು ನಿಗದಿ ಮಾಡಿದರು. ಪಾಲು ಮೀರಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಒಂದು ಲೆಕ್ಕ ಮಾಡಿ ನೋಡೋಣ. ದರಕ್ಕೆ ತೆರಿಗೆ, ಸರ್ಚಾರ್ಜು ಸೇರಿಸಿ ಸುಲಭಕ್ಕೆ ಯೂನಿಟ್ಟಿಗೆ 7 ರೂಪಾಯಿ ಹಿಡಿಯೋಣ. ನಾಲ್ವರ ರೂಮಿನ ಬೇಸಿಗೆ ತಿಂಗಳು ಹೀಗಿರುತ್ತದೆ:

- 75 ವಾಟಿನ ಹಳೆಯ ಫ್ಯಾನ್ ಎರಡು, ದಿನಕ್ಕೆ 18 ತಾಸು: 81 ಯೂನಿಟ್
- 180 ವಾಟಿನ ಕೂಲರ್, ದಿನಕ್ಕೆ 8 ತಾಸು: 43 ಯೂನಿಟ್
- ನಾಲ್ಕು ಲ್ಯಾಪ್‌ಟಾಪ್, ದಿನಕ್ಕೆ 5 ತಾಸು: 30 ಯೂನಿಟ್
- ಸಣ್ಣ ಫ್ರಿಜ್: 20 ಯೂನಿಟ್
- ಎರಡು ಎಲ್‌ಇಡಿ ಟ್ಯೂಬ್, ದಿನಕ್ಕೆ 6 ತಾಸು: 7 ಯೂನಿಟ್
- ಆರಿಸದೆ ಬಿಟ್ಟ ವೈಫೈ ಡಬ್ಬಿ: 7 ಯೂನಿಟ್
- ಇಸ್ತ್ರಿ, ಮಿಕ್ಸರ್ ಇತ್ಯಾದಿ: 10 ಯೂನಿಟ್

ಒಟ್ಟು 198. ಉಚಿತ ಪಾಲು 110 ಇದ್ದರೆ ಕೊಡಬೇಕಾದದ್ದು 88 ಯೂನಿಟ್ಟಿಗೆ, ಅಂದರೆ 616 ರೂಪಾಯಿ. ಇದೇ ರೂಮು ಇನ್ನು ಏಳೇ ಯೂನಿಟ್ ಹೆಚ್ಚು ಉರಿಸಿ 205ಕ್ಕೆ ಹೋದರೆ ಬಿಲ್ 1435 ರೂಪಾಯಿ. ಏಳು ಯೂನಿಟ್ಟಿಗೆ 819 ರೂಪಾಯಿ ತೆತ್ತ ಹಾಗಾಯಿತು. ಅದೇ ಎರಡು ಫ್ಯಾನ್ ಬದಲಿಸಿ 30 ವಾಟಿನವನ್ನು ಹಾಕಿದರೆ ಒಟ್ಟು ಬಳಕೆ 150ಕ್ಕೆ ಇಳಿದು ಬಿಲ್ 280 ರೂಪಾಯಿಗೆ ಬರುತ್ತದೆ.

ಆದ್ದರಿಂದ ಬಿಲ್ ಬಂದ ದಿನದಿಂದ ಎಣಿಸಿ ಹದಿನೈದನೆಯ ದಿನ ಮೀಟರ್ ನೋಡುವ ರೂಢಿ ಮಾಡಿಕೊಳ್ಳಿ. ಆ ದಿನಕ್ಕೆ 100 ದಾಟಿದ್ದರೆ ಮುಂದಿನ ಹದಿನೈದು ದಿನ ಕೈ ಬಿಗಿ ಹಿಡಿಯಬೇಕು. ಈ ಒಂದು ರೂಢಿಗೆ ಕಾಸಿನ ಖರ್ಚಿಲ್ಲ.

ಒಂದೇ ಮೀಟರಿನ ವಠಾರಕ್ಕೆ ನಷ್ಟವೇ ಹೆಚ್ಚು

ನಾಲ್ಕು ಸಂಸಾರಗಳಿರುವ ವಠಾರಕ್ಕೆ ಒಂದೇ ಮೀಟರ್ ಇದ್ದು, ಒಬ್ಬೊಬ್ಬರು 55 ಯೂನಿಟ್ ಬಳಸಿದರೂ ಒಟ್ಟು 220 ಆಗುತ್ತದೆ. ಯಾರಿಗೂ ಒಂದು ಯೂನಿಟ್ಟೂ ಉಚಿತವಿಲ್ಲ. ಅದೇ ನಾಲ್ಕು ಮನೆಗೆ ನಾಲ್ಕು ಮೀಟರ್ ಇದ್ದು, ಒಂದೊಂದಕ್ಕೆ 58 ಯೂನಿಟ್ ಪಾಲು ಸಿಕ್ಕರೂ ನಾಲ್ವರ ಬಿಲ್ಲೂ ಸೊನ್ನೆ. ಬಡ ಸಂಸಾರಗಳು ಯೋಜನೆಯಿಂದ ಹೊರಗುಳಿಯಲು ಇದೊಂದು ದೊಡ್ಡ ಕಾರಣ. ಬೇರೆ ಬಾಗಿಲು, ಬೇರೆ ಅಡುಗೆಮನೆ ಇರುವ ಮನೆಗಳಿಗೆ ಪ್ರತ್ಯೇಕ ಮೀಟರ್ ಪಡೆಯುವ ಬಗ್ಗೆ ಮಾಲಕರು ಹೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಬೇಕು. ಬಾಡಿಗೆದಾರರು ಖರ್ಚಿನಲ್ಲಿ ಪಾಲು ಕೊಡಲು ಮುಂದೆ ಬಂದರೆ ಮಾಲಕರೂ ಮನಸ್ಸು ಮಾಡುತ್ತಾರೆ.

ಅಲ್ಲಿಯ ತನಕ ಸಬ್‌ಮೀಟರ್ ಹಾಕಿಸಿಕೊಳ್ಳಿ. ಸಬ್‌ಮೀಟರ್ ಇರುವುದು ಹಂಚಿಕೊಳ್ಳುವುದಕ್ಕೆ, ಲಾಭ ಮಾಡುವುದಕ್ಕಲ್ಲ. ಕೆಲವು ಕಡೆ ಮಾಲಕರು ಯೂನಿಟ್ಟಿಗೆ 10, 12 ರೂಪಾಯಿ ಹಿಡಿಯುತ್ತಾರೆ. ಇದನ್ನು ಮಾತಾಡಿ ಬಗೆಹರಿಸಿಕೊಳ್ಳುವುದು ಸುಲಭ: ಹೆಸ್ಕಾಂ ಬಿಲ್ಲಿನ ಒಟ್ಟು ಹಣವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ, ಬಂದ ದರವನ್ನು ಪ್ರತಿ ಸಬ್‌ಮೀಟರಿಗೆ ಹಾಕಿ. ಎಲ್ಲರಿಗೂ ಬಿಲ್ ತೋರಿಸಿ. ವಿದ್ಯುತ್ ಮಾರಲು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಪರವಾನಗಿ ಬೇಕು ಎಂಬುದು ಮಾಲಕರ ನೆನಪಿನಲ್ಲೂ ಇರಲಿ.

ಬಿಸಿಲು ಬರುವ ಬಾಗಿಲು ಮಾಳಿಗೆ

ಬಾದಾಮಿಯ ಮೂರನೆಯ ಗುಹೆ, ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಗುಹೆ, ಮೇ ತಿಂಗಳ ಮಧ್ಯಾಹ್ನದಲ್ಲೂ ತಂಪು. ತಲೆಯ ಮೇಲೆ ಗುಡ್ಡದಷ್ಟು ದಪ್ಪ ಕಲ್ಲು, ಮುಂದೆ ಆಳವಾದ ಮುಖಮಂಟಪದ ನೆರಳು. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳೂ ಇದೇ ಬುದ್ಧಿಯಿಂದ ಕಟ್ಟಿದವು: ಮೊಳದುದ್ದ ದಪ್ಪದ ಗೋಡೆ, ಜಂತಿಯ ಮೇಲೆ ದಪ್ಪ ಮಣ್ಣು, ಬೆಳಕಿಂಡಿಯಿಂದ ಮೇಲೇರಿ ಹೋಗುವ ಬಿಸಿಗಾಳಿ. ಇಳಕಲ್ಲಿನ ನೇಕಾರರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿ ನೆಲದ ತಂಪೂ ಸಿಗುತ್ತಿತ್ತು.

ಈಗಿನ ಬಾಡಿಗೆ ರೂಮಿನ ಸ್ಲ್ಯಾಬ್ ನಾಲ್ಕೈದು ಇಂಚು. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆಗಳು ಹೋದ ಮೇಲೆ ಸೆಕ್ಟರ್ ಸೆಕ್ಟರಾಗಿ ಎದ್ದ ನವನಗರದ ತುಂಬ ಇಂಥ ಮನೆಗಳೇ. ಮಾಲಕರು ಕೆಳಗಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವುದು ವಾಡಿಕೆ, ಆದ್ದರಿಂದ ಹೆಚ್ಚಿನ ಬಿಸಿ ಬಾಡಿಗೆದಾರರ ಪಾಲಿಗೆ ಬರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ಆ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. ಹಾಗಾಗಿ ಫ್ಯಾನಿಗೂ ಕೂಲರಿಗೂ ದುಡ್ಡು ಹಾಕುವ ಮೊದಲು ಮಾಳಿಗೆಗೆ ಹಾಕಬೇಕು.

ಎಲ್ಲಕ್ಕಿಂತ ಅಗ್ಗದ ಕೆಲಸ ಮಾಳಿಗೆಗೆ ಸುಣ್ಣ ಬಳಿಯುವುದು. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪಾದ ಕಾಂಕ್ರೀಟ್ ಒಳಗೆ ಎಳೆದುಕೊಳ್ಳುತ್ತದೆ. ಕೆಳಗಿನ ರೂಮಿನಲ್ಲಿ ಕೆಲವು ಡಿಗ್ರಿಯಷ್ಟು ವ್ಯತ್ಯಾಸ ಬರುತ್ತದೆ, ರಾತ್ರಿಯ ನಿದ್ದೆಗೆ ಅಷ್ಟು ಸಾಕು. ಅಹಮದಾಬಾದಿನವರು ಬಿಸಿಲಿನಿಂದ ಜನರನ್ನು ಕಾಪಾಡಲು 2013ರಲ್ಲಿ ಯೋಜನೆ ಮಾಡಿ, ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿಸಿದರು. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ನೀತಿ ತಂದಿತು. ನಮಗೆ ಸುಣ್ಣ ಹೊಸದಲ್ಲ, ಹಬ್ಬಕ್ಕೆ ಗೋಡೆಗೆ ಬಳಿಯುವುದನ್ನು ಮಾಳಿಗೆಗೂ ಬಳಿದರಾಯಿತು.

ಮಾಡುವ ಬಗೆ ಹೀಗೆ. ಫೆಬ್ರುವರಿ ಕೊನೆಗೆ ಮಾಳಿಗೆಯನ್ನು ಗುಡಿಸಿ ತೊಳೆಯಿರಿ, ಬಿರುಕಿದ್ದರೆ ಸಿಮೆಂಟ್ ಮೆತ್ತಿ. ಸುಣ್ಣವನ್ನು ಹಿಂದಿನ ದಿನವೇ ನೆನೆಹಾಕಿ, ಸೋಸಿ, ಉದುರದಂತೆ ಸ್ವಲ್ಪ ಫೆವಿಕಾಲ್ ಬೆರೆಸಿ. ಸಂಜೆ ಹೊತ್ತು ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ ಬಳಿಯಿರಿ. ಕಣ್ಣಿಗೆ ಕನ್ನಡಕ, ಕೈಗೆ ಪ್ಲಾಸ್ಟಿಕ್ ಚೀಲವಾದರೂ ಇರಲಿ, ಸುಣ್ಣ ಕಣ್ಣು ಸುಡುತ್ತದೆ. ಮಳೆಗೆ ಇದು ತೊಳೆದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಕಂಪನಿಗಳ ಬಿಳಿ ಬಣ್ಣ ಹೆಚ್ಚು ವರ್ಷ ಬಾಳುತ್ತದೆ, ಬೆಲೆಯೂ ಹೆಚ್ಚು.

ಪತ್ರಾಸಿನ (ತಗಡಿನ ಸೂರಿನ) ರೂಮಿನವರಿಗೆ ಸುಣ್ಣ ಇನ್ನೂ ಹೆಚ್ಚು ಬೇಕು. ಪತ್ರಾಸಿನ ಮೇಲೆ ಕಬ್ಬಿನ ರವದಿ, ತೆಂಗಿನ ಗರಿ ಹಾಕುವುದು ರೂಢಿ. ಅದು ತಂಪು ಮಾಡುವುದು ನಿಜ, ಆದರೆ ಕರೆಂಟ್ ವೈರು, ಒಲೆಯ ಹೊಗೆಕೊಳವೆ ಹತ್ತಿರವಿದ್ದಲ್ಲಿ ಹಾಕಬೇಡಿ. ಒಂದು ಕಿಡಿ ಸಾಕು, ಮನೆ ಉಳಿಯುವುದಿಲ್ಲ.

ಕಿಟಕಿಯ ವಿಷಯದಲ್ಲಿ ನಮ್ಮ ಅಜ್ಜಿಯರ ಕ್ರಮವೇ ಸರಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಮುಚ್ಚಿ, ರಾತ್ರಿ ಪೂರ್ತಿ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ಪಡುವಣದ ಕಿಟಕಿಗೆ ಹೊರಗಡೆಯಿಂದ ಹಳೆಯ ಕೌದಿಯನ್ನೋ ಚಾಪೆಯನ್ನೋ ಇಳಿಬಿಡಿ. ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ಕೆಲಸ ಮಾಡುತ್ತದೆ, ಬಿಸಿಲು ಗಾಜು ದಾಟುವ ಮೊದಲೇ ನಿಲ್ಲುತ್ತದೆ.

ಫ್ಯಾನ್, ಕೂಲರ್, ಎಸಿ

ನಮ್ಮ ಜಿಲ್ಲೆಯಲ್ಲಿ ಫ್ಯಾನ್ ವರ್ಷಕ್ಕೆ ಒಂಬತ್ತು ತಿಂಗಳು ತಿರುಗುತ್ತದೆ. ಆದ್ದರಿಂದ ಉಳಿತಾಯಕ್ಕೆ ಮೊದಲ ಜಾಗ ಅದೇ. ಹಳೆಯ ಫ್ಯಾನ್ 75 ವಾಟ್ ತಿಂದರೆ ಬಿಎಲ್‌ಡಿಸಿ ಮೋಟರಿನ ಫ್ಯಾನ್ 28ರಿಂದ 35 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 16 ತಾಸು ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 21 ಯೂನಿಟ್ ಉಳಿಯುತ್ತದೆ, ಹಣದಲ್ಲಿ ಸುಮಾರು 150 ರೂಪಾಯಿ. ಮೂರು ಸಾವಿರದ ಆಸುಪಾಸಿನ ಫ್ಯಾನಿನ ಬೆಲೆ ಎರಡು, ಎರಡೂವರೆ ವರ್ಷದೊಳಗೆ ಹಿಂದೆ ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ನಕ್ಷತ್ರದ ಲೇಬಲ್ ಕಡ್ಡಾಯವಾಗಿದೆ, ಐದು ನಕ್ಷತ್ರದ್ದನ್ನೇ ಕೇಳಿ.

"ಬಾಡಿಗೆ ಮನೆಗೆ ನಾವ್ಯಾಕೆ ಖರ್ಚು ಮಾಡೂಣು?" ಎನ್ನುವವರಿಗೆ ಉತ್ತರ ಸರಳ. ಫ್ಯಾನ್ ನಿಮ್ಮದು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಿ. ಮಾಲಕರ ಹಳೆಯ ಫ್ಯಾನನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟು, ಹೋಗುವಾಗ ಮತ್ತೆ ಹಾಕಿಸಿ ಕೊಡಿ. ನಾಲ್ವರು ರೂಮಿನವರಾದರೆ ಯಾರ ಫ್ಯಾನ್ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಇನ್ನೊಂದು ಮಾತು: ಫ್ಯಾನ್ ರೂಮನ್ನು ತಂಪು ಮಾಡುವುದಿಲ್ಲ, ಮೈಯ ಬೆವರು ಆರಿಸುತ್ತದೆ ಅಷ್ಟೆ. ಯಾರೂ ಇಲ್ಲದ ರೂಮಿನಲ್ಲಿ ತಿರುಗುವ ಫ್ಯಾನ್ ಬರೀ ನಷ್ಟ.

ಕೂಲರ್ ನಮ್ಮ ಒಣ ಬೇಸಿಗೆಗೆ ಹೇಳಿ ಮಾಡಿಸಿದ್ದು. ಮಾರ್ಚಿನಿಂದ ಮೇ ತನಕ ಗಾಳಿಯಲ್ಲಿ ತೇವ ಕಡಿಮೆ, ನೀರು ಬೇಗ ಆವಿಯಾಗಿ ಗಾಳಿ ತಂಪಾಗುತ್ತದೆ. ಕೂಲರನ್ನು ಕಿಟಕಿಗೆ ಹೊಂದಿಸಿ ಹೊರಗಿನ ಒಣ ಗಾಳಿ ಎಳೆಯುವಂತೆ ಇಡಿ, ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿರಿ. ಬಾಗಿಲು ಕಿಟಕಿ ಎಲ್ಲ ಮುಚ್ಚಿದರೆ ರೂಮು ಜಿಗಿಜಿಗಿ ಆಗುತ್ತದೆ. ಮಳೆ ಶುರುವಾದ ಮೇಲೆ ಕೂಲರಿನಿಂದ ಉಪಯೋಗವಿಲ್ಲ, ತೆಗೆದಿಡಿ. ಅದು ಕುಡಿಯುವ ನೀರಿನ ಲೆಕ್ಕವನ್ನೂ ಮರೆಯಬೇಡಿ. ನಲ್ಲಿ ನೀರಿಗೆ ಕಾಯುವ ಓಣಿಯಲ್ಲಿ ಇಬ್ಬರಿಗೊಂದು ಕೂಲರ್ ಸಾಕು. ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ಒರೆಸಿ, ಡೆಂಗಿ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತದೆ.

ಎಸಿ ಹಾಕುವ ಮುನ್ನ 200ರ ಗೆರೆಯನ್ನು ನೆನೆಯಿರಿ. ಒಂದೂವರೆ ಟನ್ನಿನ ಎಸಿ ತಾಸಿಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ರಾತ್ರಿ ಎಂಟು ತಾಸಿನಂತೆ ತಿಂಗಳಿಗೆ 240 ಯೂನಿಟ್. ಅದೊಂದರಿಂದಲೇ ಗೃಹಜ್ಯೋತಿ ಕೈಬಿಟ್ಟು ಹೋಗುತ್ತದೆ. ಹಿರಿಯರೋ ರೋಗಿಗಳೋ ಇದ್ದು ಹಾಕಲೇಬೇಕಾದರೆ 24ರಿಂದ 26 ಡಿಗ್ರಿಯಲ್ಲಿಟ್ಟು ಜೊತೆಗೆ ಫ್ಯಾನನ್ನು ನಿಧಾನಕ್ಕೆ ತಿರುಗಿಸಿ.

ಸ್ನಾನದ ನೀರು: ಕಾಯಿಲಿನ ಲೆಕ್ಕ

ಊರಮನೆಯ ಬಚ್ಚಲಲ್ಲಿ ಹಂಡೆ ಇತ್ತು, ಹತ್ತಿಕಟ್ಟಿಗೆ ಇತ್ತು. ಬಾಡಿಗೆ ರೂಮಿನಲ್ಲಿ ಹೊಗೆಗೆ ಜಾಗವಿಲ್ಲ, ಆದ್ದರಿಂದ ಕಾಯಿಲ್ ಬಂತು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವುದು ಹೆಚ್ಚುಕಡಿಮೆ ಅರ್ಧ ಯೂನಿಟ್. 1500 ವಾಟಿನ ಕಾಯಿಲಿಗೆ ಇದು ಇಪ್ಪತ್ತು ನಿಮಿಷದ ಕೆಲಸ. ನಾಲ್ವರಿಗೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60 ಯೂನಿಟ್, 420 ರೂಪಾಯಿ. ಹಾಕಿ ಮರೆತು ನೀರು ಕುದಿಯಲು ಬಿಟ್ಟರೆ ಇದು ಇನ್ನೂ ಹೆಚ್ಚುತ್ತದೆ, ಕುದಿದ ನೀರಿಗೆ ಮತ್ತೆ ತಣ್ಣೀರು ಬೆರೆಸುತ್ತೀರಿ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ ಇಟ್ಟುಕೊಳ್ಳಿ.

ಗೀಸರ್ ಇರುವಲ್ಲಿ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ. ಬೆಳಿಗ್ಗೆ ಆರಕ್ಕೊಬ್ಬರು ಒಂಬತ್ತಕ್ಕೊಬ್ಬರು ಹೋದರೆ ನಡುವೆ ಆರಿದ ನೀರನ್ನು ಎರಡು ಸಲ ಕಾಯಿಸಿದಂತೆ. ಮಾರ್ಚಿನಿಂದ ಜೂನ್ ತನಕ ಕಾಯಿಲನ್ನು ಎತ್ತಿಡಬಹುದು. ಮಾಳಿಗೆಯ ಟ್ಯಾಂಕಿನ ನೀರು ಸಂಜೆಗೆ ತಾನೇ ಕಾದಿರುತ್ತದೆ. ಚಳಿಗಾಲದಲ್ಲೂ ಮಧ್ಯಾಹ್ನ ಬಿಸಿಲಿಗೆ ಇಟ್ಟು ಮುಚ್ಚಿದ ಕರಿ ಬಕೆಟ್ಟಿನ ನೀರು ಸಂಜೆ ಸ್ನಾನಕ್ಕೆ ಸಾಕಷ್ಟು ಬೆಚ್ಚಗಿರುತ್ತದೆ.

ಉಳಿತಾಯಕ್ಕಿಂತ ದೊಡ್ಡ ಮಾತು ಜೀವದ್ದು. ಕಾಯಿಲ್ ಇರುವ ನೀರಿಗೆ ಬೆರಳು ಅದ್ದಿ ಬಿಸಿ ನೋಡಬೇಡಿ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ. ಕಬ್ಬಿಣದ, ಸ್ಟೀಲಿನ ಬಕೆಟ್ಟಿನಲ್ಲಿ ಹಾಕಬೇಡಿ, ಪ್ಲಾಸ್ಟಿಕ್ ಬಕೆಟ್ಟಿಗೆ ಕಾಯಿಲ್ ತಾಗದಂತೆ ನಡುವೆ ತೂಗುಹಾಕಿ. ಎರಡು ಕಡ್ಡಿಯ ಪ್ಲಗ್ ಬೇಡ, ಮೂರು ಕಡ್ಡಿಯ, ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿ. ಮಾಲಕರು ಮೀಟರ್ ಹತ್ತಿರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಹಾಕಿಸಿದರೆ ಶಾಕ್ ಹೊಡೆದ ಕ್ಷಣದಲ್ಲೇ ಕರೆಂಟ್ ಕಡಿದುಹೋಗುತ್ತದೆ. ಬಾಡಿಗೆ ಮನೆಗೆ ಬಣ್ಣ ಬಳಿಸುವುದಕ್ಕಿಂತ ಇದು ಮೊದಲು ಆಗಬೇಕಾದ ಕೆಲಸ.

ಎಲ್ಲರದೂ ಆದದ್ದು ಯಾರದೂ ಅಲ್ಲ

ವಠಾರದಲ್ಲಿ ಮೋಟರ್, ಮೆಟ್ಟಿಲ ದೀಪ, ಅಂಗಳದ ಬಲ್ಬು ಇವುಗಳಿಗೆ ಯಾರೂ ಹೊಣೆಯಲ್ಲ. ಒಂದು ಎಚ್‌ಪಿ ಮೋಟರ್ ದಿನಕ್ಕೊಂದು ತಾಸು ನಡೆದರೆ ತಿಂಗಳಿಗೆ ಸುಮಾರು 30 ಯೂನಿಟ್. ಟ್ಯಾಂಕ್ ತುಂಬಿ ಹರಿದರೆ ನೀರೂ ಹೋಯಿತು, ಕರೆಂಟೂ ಹೋಯಿತು. ತುಂಬಿದಾಗ ತಾನೇ ನಿಲ್ಲುವ ಸಾಧನ ಅಂಗಡಿಯಲ್ಲಿ ಸಿಗುತ್ತದೆ, ನಾಲ್ಕು ಮನೆಯವರು ಹಂಚಿಕೊಂಡರೆ ಹೊರೆಯಾಗುವುದಿಲ್ಲ. ಸೋರುವ ನಲ್ಲಿ, ಕಕ್ಕಸಿನ ಫ್ಲಶ್ ರಿಪೇರಿ ಮಾಡಿಸಿದರೆ ಮೋಟರ್ ಬಿಲ್ ತಾನಾಗಿ ಇಳಿಯುತ್ತದೆ.

ಇಳಕಲ್ಲಿನಲ್ಲಿ ಬಾಡಿಗೆ ಮನೆಯಲ್ಲೇ ವಿದ್ಯುತ್ ಮಗ್ಗ ಇಟ್ಟವರು ಅದರ ಕರೆಂಟನ್ನು ಮನೆ ಮೀಟರಿನಿಂದ ಎಳೆಯಬಾರದು. ಮಗ್ಗಕ್ಕೆ ಪ್ರತ್ಯೇಕ ಸಂಪರ್ಕ ಪಡೆದರೆ ನೇಕಾರರಿಗಿರುವ ಸರ್ಕಾರದ ರಿಯಾಯಿತಿ ಸಿಗುತ್ತದೆ, ಮನೆಯ ಗೃಹಜ್ಯೋತಿ ಪಾಲೂ ಉಳಿಯುತ್ತದೆ. ಕೈಮಗ್ಗದವರಿಗೆ ಬೇಕಾದದ್ದು ಬೆಳಕು ಮಾತ್ರ. ಮಗ್ಗದ ಮೇಲೆ ಒಂದು ಗಾಜಿನ ಹಂಚು ಹಾಕಿಸಿಕೊಂಡರೆ ಹಗಲು ಬಲ್ಬೇ ಬೇಡ.

ರೂಮಿನೊಳಗಿನ ಹಂಚಿಕೆಗೆ ಒಂದು ಸರಳ ಕ್ರಮ ಹೇಳುತ್ತೇನೆ. ದೀಪ, ಫ್ಯಾನ್, ಫ್ರಿಜ್, ವೈಫೈ, ಮೋಟರ್ ಇವು ತಲೆಗಿಷ್ಟು. ಕೂಲರ್, ಎಸಿ, ಇಂಡಕ್ಷನ್ ಒಲೆಯಂಥ ದೊಡ್ಡ ಸಾಧನ ಯಾರು ತಂದರೋ ಅದರ ಯೂನಿಟ್ ಅವರಿಗೆ. ವಾಟ್ ಮತ್ತು ತಾಸು ಗೊತ್ತಿದ್ದರೆ ಯೂನಿಟ್ ಲೆಕ್ಕ ಸುಲಭ. ಊರಿಗೆ ಹೋಗಿ ವಾರಕ್ಕಿಂತ ಹೆಚ್ಚು ದಿನ ರೂಮಿನಲ್ಲಿ ಇಲ್ಲದವರಿಗೆ ಅಷ್ಟು ದಿನದ ಪಾಲು ಬಿಟ್ಟುಕೊಡಿ. ಇದನ್ನೆಲ್ಲ ಸೇರಿದ ಮೊದಲ ವಾರವೇ ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಬಿಲ್ ಬಂದ ಮೇಲೆ ಮಾಡುವ ನಿಯಮ ಒಬ್ಬರ ಮೇಲೆ ಮಾಡಿದ ನಿಯಮದಂತೆ ಕಾಣುತ್ತದೆ.

ಮಾಲಕರಿಗೊಂದು ಮಾತು

ಬಿಲ್ ಕಟ್ಟುವವರು ಬಾಡಿಗೆದಾರರು, ಮಾಳಿಗೆ ನಿಮ್ಮದು. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಎಂಬ ಕಾರಣಕ್ಕೇ ಎಷ್ಟೋ ಮನೆಗಳ ಮಾಳಿಗೆ ಕರ್ರಗೇ ಉಳಿದಿದೆ. ಸುಣ್ಣವನ್ನು ನೀವು ತಂದುಕೊಡಿ, ಬಳಿಯುವ ಕೆಲಸ ಬಾಡಿಗೆದಾರರು ಮಾಡಲಿ. ಹುಡುಗರು ಖುಷಿಯಿಂದ ಮಾಡುತ್ತಾರೆ. ಸೋಲಾರ್ ನೀರಿನ ಹೀಟರ್ ಹಾಕಿಸಿದರೆ ಬಾಡಿಗೆಯಲ್ಲಿ ಸ್ವಲ್ಪ ಹೆಚ್ಚು ಕೇಳಿದರೂ ಯಾರೂ ಬೇಡವೆನ್ನುವುದಿಲ್ಲ. ನಮ್ಮ ಜಿಲ್ಲೆಗೆ ಬಿಸಿಲಿನ ಬರ ಎಂದೂ ಇಲ್ಲ. ನಿಮ್ಮ ಸ್ವಂತ ಬಳಕೆ ಹೆಚ್ಚಿದ್ದರೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆ ಸೋಲಾರಿಗೆ ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಹಲಗೆಗಳ ನೆರಳು ಬಿದ್ದಷ್ಟು ಮಾಳಿಗೆಯೂ ತಂಪು.

ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿ: ಮೀಟರಿನ ಆರಂಭದ ಅಂಕಿ ಎಷ್ಟು, ಯೂನಿಟ್ ದರ ಹೇಗೆ, ಮೋಟರ್ ಖರ್ಚಿನಲ್ಲಿ ಯಾರ ಪಾಲು ಎಷ್ಟು, ಬಾಡಿಗೆದಾರರು ಹಾಕಿಸಿದ ಫ್ಯಾನ್ ದೀಪಗಳು ಯಾರಿಗೆ. ಇಷ್ಟು ಬರೆದಿದ್ದರೆ ಡಿಪಾಜಿಟ್ ವಾಪಸ್ ಕೊಡುವ ದಿನ ಮುಖ ತಿರುಗಿಸಬೇಕಾಗಿಲ್ಲ.

ಬಿಲ್ ತಪ್ಪಾಗಿ ಬಂದಿದೆ, ಮೀಟರ್ ಜೋರಾಗಿ ಓಡುತ್ತಿದೆ ಎನಿಸಿದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆರ್‌ಆರ್ ನಂಬರ್ ಕೈಯಲ್ಲಿದ್ದರೆ ಬಾಡಿಗೆದಾರರೂ ದೂರು ಕೊಡಬಹುದು. ಕಚೇರಿಯಲ್ಲಿ ಬಗೆಹರಿಯದಿದ್ದರೆ ವಿದ್ಯುತ್ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲಿಗೆ ವಕೀಲರಿಲ್ಲದೆಯೂ ಅರ್ಜಿ ಕೊಡಬಹುದು.

ಇವತ್ತೇ ಶುರು ಮಾಡಲು ಮೂರು ಕೆಲಸ ಸಾಕು. ಸಂಜೆ ರೂಮಿನವರೆಲ್ಲ ಸೇರಿ ಮೀಟರ್ ನೋಡಿ ಅಂಕಿ ಬರೆಯಿರಿ. ಗೃಹಜ್ಯೋತಿ ಯಾರ ಆಧಾರಿಗೆ ಸೇರಿದೆ ಎಂದು ವಿಚಾರಿಸಿ. ಮಾಲಕರನ್ನು ಕರೆದುಕೊಂಡು ಒಮ್ಮೆ ಮಾಳಿಗೆ ಹತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಆ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತು ನೋಡಲು ಹೇಳಿ. ಅದರ ಕೆಳಗೆ ಮನುಷ್ಯರು ಮಲಗುತ್ತಾರೆ ಎಂಬುದು ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ. ಮರುವಾರವೇ ಸುಣ್ಣ ಬಳಿಯಿರಿ, ಬೇಸಿಗೆಗೆ ಕಾಯಬೇಡಿ.